ಮಂಡಿ ಕೀಲು ಬದಲಾವಣೆಯ ನಂತರ ರೇಕಿ, ಪ್ರಾಣಚಿಕಿತ್ಸೆ: ಮನೆಯಲ್ಲಿ ಅಳವಡಿಸಿಕೊಳ್ಳುವ ಕ್ರಮ

ಮಂಡಿಯ ಕೀಲು ಬದಲಾಯಿಸಿಕೊಂಡವರಿಗೆ ಆಸ್ಪತ್ರೆಯಲ್ಲಿ ಕಳೆಯುವ ಮೂರು ನಾಲ್ಕು ದಿನಗಳಿಗಿಂತ ಮನೆಗೆ ಮರಳಿದ ಮೇಲಿನ ಎರಡು ಮೂರು ವಾರಗಳೇ ಹೆಚ್ಚು ಕಠಿಣವೆನಿಸುತ್ತವೆ. ಆಸ್ಪತ್ರೆಯಲ್ಲಿ ಕರೆದ ಕೂಡಲೇ ದಾದಿಯರು ಬರುತ್ತಾರೆ, ಇಂಜೆಕ್ಷನ್ ಸಿಗುತ್ತದೆ. ಮನೆಯಲ್ಲಿ ನಡುರಾತ್ರಿ ಎಚ್ಚರವಾದರೆ ಬಿಸಿಯಾಗಿ ಊದಿಕೊಂಡ ಮಂಡಿಯೊಡನೆ ಬೆಳಗಾಗುವುದನ್ನೇ ಕಾಯುತ್ತ ಮಲಗಿರಬೇಕಾಗುತ್ತದೆ. ಇಂಥ ಸಮಯದಲ್ಲಿಯೇ ನೋಡಲು ಬಂದ ನೆಂಟರೊಬ್ಬರು ರೇಕಿ ಅಥವಾ ಪ್ರಾಣಿಕ್ ಹೀಲಿಂಗ್ (ಪ್ರಾಣಚಿಕಿತ್ಸೆ) ಎಂಬ, ಕೈಗಳಿಂದ ದೇಹದ ಶಕ್ತಿಯನ್ನು ಸರಿಪಡಿಸುತ್ತೇವೆನ್ನುವ ಚಿಕಿತ್ಸೆಯ ಮಾತೆತ್ತಿ, ಒಂದು ಫೋನ್ ನಂಬರ್ ಬರೆದುಕೊಟ್ಟು ಹೋಗುತ್ತಾರೆ. ಆ ನಂಬರಿಗೆ ಕರೆ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನೂ, ಕರೆ ಮಾಡಿದ ಮೇಲೆ ಮನೆಯಲ್ಲಿ ಅದನ್ನು ಯಾವ ಕ್ರಮದಲ್ಲಿ ನಡೆಸಬೇಕೆಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯೆಯಲ್ಲ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ತಾಯಿಯವರ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾದಾಗ ಆರು ವಾರಗಳ ಆರೈಕೆ ನನ್ನ ಪಾಲಿಗೆ ಬಂದಿತ್ತು. ಅಮ್ಮ ರೇಕಿ ಪಡೆದರು, ಅದರಿಂದ ಅವರಿಗೆ ನೆಮ್ಮದಿಯೂ ದೊರೆಯಿತು. ಆದರೆ ಮೊದಲ ಹತ್ತು ದಿನ ನಾವು ಅದನ್ನು ತಪ್ಪು ಹೊತ್ತಿನಲ್ಲಿ, ತಪ್ಪು ಭಂಗಿಯಲ್ಲಿ ನಡೆಸಿದ್ದರಿಂದ ಮಂಡಿಯ ಬಾಗುವಿಕೆ 70 ಡಿಗ್ರಿಯಲ್ಲೇ ನಿಂತುಬಿಟ್ಟಿತು. ಫಿಸಿಯೋಥೆರಪಿಸ್ಟ್ ಅದನ್ನು ಗುರುತಿಸಿ ತಿದ್ದದಿದ್ದರೆ ಮುಂದೆ ಬಹಳ ಕಷ್ಟವಾಗುತ್ತಿತ್ತು. ಈ ಬರಹದ ಹೆಚ್ಚಿನ ಭಾಗ ಆ ತಪ್ಪಿನಿಂದ ಕಲಿತದ್ದು.

ಈ ಚಿಕಿತ್ಸೆಗಳಿಂದ ಏನನ್ನು ನಿರೀಕ್ಷಿಸಬಹುದು

ರೇಕಿಯನ್ನು ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಆರಂಭಿಸಿದರು. ಮುಂದೆ ಹವಾಯೊ ತಕಾಟಾ ಎಂಬ ಮಹಿಳೆಯ ಮೂಲಕ ಅದು ಹವಾಯಿಗೂ, ಅಲ್ಲಿಂದ ಉಳಿದ ದೇಶಗಳಿಗೂ ಹರಡಿತು. ಇದರಲ್ಲಿ ಚಿಕಿತ್ಸಕರು ದೇಹದ ಬೇರೆ ಬೇರೆ ಭಾಗಗಳ ಮೇಲೆ ಹಗುರವಾಗಿ ಕೈಯಿಡುತ್ತಾರೆ ಅಥವಾ ಕೆಲವು ಅಂಗುಲ ಮೇಲೆ ಕೈ ಹಿಡಿಯುತ್ತಾರೆ. ಫಿಲಿಪ್ಪೀನ್ಸಿನ ಚೋವಾ ಕೋಕ್ ಸುಯಿ ರೂಪಿಸಿದ ಪ್ರಾಣಿಕ್ ಹೀಲಿಂಗಿನಲ್ಲಿ ಮೈಯನ್ನು ಮುಟ್ಟುವುದೇ ಇಲ್ಲ. 1970ರ ದಶಕದಲ್ಲಿ ಅಮೆರಿಕದ ಡೊಲೊರೆಸ್ ಕ್ರೀಗರ್ ಎಂಬ ನರ್ಸಿಂಗ್ ಪ್ರಾಧ್ಯಾಪಕಿ ಡೋರಾ ಕುಂಜ್ ಅವರೊಡನೆ ಸೇರಿ ಥೆರಪ್ಯುಟಿಕ್ ಟಚ್ ಎಂಬ ಪದ್ಧತಿಯನ್ನು ಬಳಕೆಗೆ ತಂದರು. ದೇಹದ ಸುತ್ತ ಒಂದು ಶಕ್ತಿಯಿದೆ, ಅದರ ಹರಿವನ್ನು ಕೈಗಳಿಂದ ಸರಿಪಡಿಸಬಹುದು ಎಂಬ ನಂಬಿಕೆ ಇವೆಲ್ಲಕ್ಕೂ ಸಾಮಾನ್ಯವಾದದ್ದು. ಪ್ರಾಣವೆಂಬ ಮಾತನ್ನು ಕೇಳುತ್ತ ಬೆಳೆದ, ಮಗು ಬೆಚ್ಚಿದರೆ ನಿವಾಳಿಸಿ ಹಾಕುವ ಅಜ್ಜಿಯರನ್ನು ಕಂಡ ನಮಗೆ ಇದು ಅಪರಿಚಿತವೆನಿಸುವುದಿಲ್ಲ. ಆ ಕಾರಣದಿಂದಲೇ ಪ್ರಶ್ನೆ ಕೇಳುವುದನ್ನು ನಾವು ಮರೆಯುವುದೂ ಉಂಟು.

ಪ್ರಶ್ನೆ ಕೇಳಿದವರಿಗೆ ದೊರೆತ ಉತ್ತರ ಹೀಗಿದೆ. 1998ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನಿಯತಕಾಲಿಕದಲ್ಲಿ ಒಂದು ಸರಳ ಪ್ರಯೋಗದ ವರದಿ ಪ್ರಕಟವಾಯಿತು. ಎಮಿಲಿ ರೋಸಾ ಎಂಬ ಶಾಲಾ ಬಾಲಕಿ 21 ಮಂದಿ ಥೆರಪ್ಯುಟಿಕ್ ಟಚ್ ಚಿಕಿತ್ಸಕರನ್ನು ಪರದೆಯ ಹಿಂದೆ ಕೂರಿಸಿ, ಅವರ ಯಾವ ಕೈಯ ಬಳಿ ತನ್ನ ಕೈಯಿದೆಯೆಂದು ಗುರುತಿಸಲು ಕೇಳಿದ್ದಳು. 280 ಸಲ ನಡೆದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು ಶೇಕಡ 44ರಷ್ಟು ಮಾತ್ರ. ಕಣ್ಣು ಮುಚ್ಚಿ ಊಹಿಸಿದರೂ ಶೇಕಡ 50ರಷ್ಟು ಸರಿಯಾಗಬೇಕಿತ್ತು. ಕೈಗೆ ತಾಗುವಂಥ ಶಕ್ತಿಯೊಂದು ಇದೆಯೆನ್ನಲು ಇಂದಿಗೂ ವೈಜ್ಞಾನಿಕ ಆಧಾರವಿಲ್ಲ. ಆತಂಕ ಮತ್ತು ಖಿನ್ನತೆಗೆ ರೇಕಿಯ ಪ್ರಯೋಜನವನ್ನು ಪರಿಶೀಲಿಸಿದ 2015ರ ಕೊಕ್ರೇನ್ ವಿಮರ್ಶೆಯೂ (ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಇರುವ ಆಧಾರ ಸಾಲದೆಂದೇ ಹೇಳಿತು.

ಆದರೆ ಮಂಡಿ ಬದಲಾವಣೆಯಾದವರನ್ನೇ ಕುರಿತ ಒಂದು ಚಿಕ್ಕ ಅಧ್ಯಯನವೂ ಇದೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 46 ಮಂದಿ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ರೇಕಿಯನ್ನೂ, ಇನ್ನೊಂದಕ್ಕೆ ರೇಕಿ ಕಲಿಯದವರಿಂದ ಅದರಂತೆಯೇ ತೋರುವ ಅಣಕು ಚಿಕಿತ್ಸೆಯನ್ನೂ, ಮೂರನೆಯದಕ್ಕೆ ಎಂದಿನ ಆರೈಕೆಯನ್ನಷ್ಟೇ ಕೊಡಲಾಯಿತು. ರೇಕಿ ಪಡೆದವರಲ್ಲಿ ನೋವು, ಆತಂಕ ಮತ್ತು ರಕ್ತದೊತ್ತಡ ಇಳಿದವೆಂದು ವರದಿಯಾಯಿತು. ಒಂದೊಂದು ಗುಂಪಿನಲ್ಲಿ ಹದಿನೈದರ ಆಸುಪಾಸಿನಷ್ಟು ಜನರಿದ್ದ ಪ್ರಾಯೋಗಿಕ ಅಧ್ಯಯನವಾದ್ದರಿಂದ ಇದರ ಮೇಲೆ ಹೆಚ್ಚು ಭಾರ ಹಾಕಲಾಗದು. ನಮ್ಮ ಊರಿನದೇ ಒಂದು ಉದಾಹರಣೆಯನ್ನೂ ಹೇಳಬೇಕು. ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಬೆಂಗಳೂರಿನಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ದಿನಕ್ಕೆರಡು ಬಾರಿ ಅರ್ಧ ಗಂಟೆಯಂತೆ ಎರಡು ವಾರ ಪ್ರಾಣಶಕ್ತಿ ಧಾರಣೆಯ (ಉಸಿರು ಮತ್ತು ಕಲ್ಪನೆಯನ್ನು ಬಳಸುವ ಯೋಗ ವಿಧಾನದ) ಅಭ್ಯಾಸವನ್ನು ಮಾಡಿಸಲಾಗಿತ್ತು. ಅಭ್ಯಾಸ ಮಾಡಿದವರಲ್ಲಿ ನೋವು ಮತ್ತು ಊತ ಬೇಗ ಇಳಿದವೆಂಬುದು ಅವರ ವರದಿ. ಅದು ಮುರಿದ ಮೂಳೆಯ ವಿಷಯವೇ ಹೊರತು ಕೀಲು ಬದಲಾವಣೆಯದಲ್ಲ, ರೋಗಿಗಳ ಸಂಖ್ಯೆಯೂ ಚಿಕ್ಕದು.

ಇಷ್ಟನ್ನೂ ಓದಿದ ಮೇಲೆ ನಾನು ಬಂದ ತೀರ್ಮಾನ ಇದು: ಕೈಯಿಡುವ ಚಿಕಿತ್ಸೆಯಿಂದ ಲೋಹದ ಕೀಲು ಬೇಗ ಕೂಡಿಕೊಳ್ಳುತ್ತದೆ, ಸೋಂಕು ತಡೆಯುತ್ತದೆ, ಮಂಡಿ ಹೆಚ್ಚು ಬಾಗುತ್ತದೆ ಎಂದು ನಿರೀಕ್ಷಿಸಬಾರದು. ಅರ್ಧ ಗಂಟೆ ಅಲುಗಾಡದೆ ಮಲಗಿ, ತಮ್ಮ ಮೇಲೆ ಕಾಳಜಿಯಿರುವ ಒಬ್ಬರ ಸನ್ನಿಧಿಯಲ್ಲಿ ನಿಧಾನವಾಗಿ ಉಸಿರಾಡಿದಾಗ ಬಿಗಿದುಕೊಂಡ ತೊಡೆಯ ಸ್ನಾಯು ಸಡಿಲವಾಗುವುದನ್ನೂ, ಭಯ ಇಳಿಯುವುದನ್ನೂ, ನಿದ್ರೆ ಹತ್ತುವುದನ್ನೂ ನಿರೀಕ್ಷಿಸಬಹುದು. ನೋವಿಗೆ ಹೆದರಿದವರು ವ್ಯಾಯಾಮ ಮಾಡಲಾರರು, ನಿದ್ರೆ ಕೆಟ್ಟವರಿಗೆ ಅದೇ ನೋವು ಮರುದಿನ ಇಮ್ಮಡಿಯಾಗಿ ಕಾಣುತ್ತದೆ. ಆದ್ದರಿಂದ ಈ ನೆಮ್ಮದಿ ಸಣ್ಣದೆಂದು ನಾನು ಹೇಳಲಾರೆ.

ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸುವ ಟೆನ್ಸ್ ಯಂತ್ರವನ್ನೂ ಕೆಲವರು ಶಕ್ತಿ ಚಿಕಿತ್ಸೆಯೆಂದೇ ಕರೆಯುತ್ತಾರೆ. ಅದು ಫಿಸಿಯೋಥೆರಪಿಯ ಉಪಕರಣ, ಅದರ ಬಳಕೆಯನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸಬೇಕು. ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮತ್ತು ಚರ್ಮ ಗೀರುವ ಕಪ್ಪಿಂಗ್ ಕೂಡ ಬೇರೆಯೇ ವಿಷಯ. ಹೊಸ ಕೀಲಿರುವ ಕಾಲಿನ ಚರ್ಮವನ್ನು ಭೇದಿಸುವ ಯಾವುದನ್ನೂ ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಲ್ಲದೆ ಮಾಡಿಸಬಾರದು.

ಚಿಕಿತ್ಸಕರನ್ನು ಆರಿಸುವಾಗ

ನಮ್ಮ ದೇಶದಲ್ಲಿ ರೇಕಿಗೆ ಕಾನೂನಿನ ಮಾನ್ಯತೆಯಿರುವ ಪರಿಷತ್ತಿಲ್ಲ. ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ ಮತ್ತು ಹೋಮಿಯೋಪಥಿಗಳನ್ನು ಒಳಗೊಂಡ ಆಯುಷ್ ಪದ್ಧತಿಗಳಲ್ಲಿ ಅದು ಸೇರಿಲ್ಲ. ಪರ್ಯಾಯ ಪದ್ಧತಿಗಳ ಪರಿಶೀಲನೆಯ ನಂತರ ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರಿನಲ್ಲಿ ಹೊರಡಿಸಿದ ಆದೇಶವೂ ಅದನ್ನು ಮಾನ್ಯ ಪದ್ಧತಿಯೆಂದು ಒಪ್ಪಲಿಲ್ಲ. ಹೀಗಾಗಿ ಗೋಡೆಗೆ ತೂಗುಹಾಕಿದ ‘ಗ್ರ್ಯಾಂಡ್ ಮಾಸ್ಟರ್’ ಪ್ರಮಾಣಪತ್ರ ಆಯಾ ಗುರುಪರಂಪರೆಯ ಕಲಿಕೆಯನ್ನು ಸೂಚಿಸುತ್ತದೆಯೇ ಹೊರತು ವೈದ್ಯಕೀಯ ಅರ್ಹತೆಯನ್ನಲ್ಲ. ಆಯ್ಕೆ ನಮ್ಮ ಪ್ರಶ್ನೆಗಳ ಮೇಲೆಯೇ ನಿಲ್ಲುತ್ತದೆ.

ಫೋನಿನಲ್ಲಿಯೇ ಮೂರು ವಿಷಯ ಕೇಳಬೇಕು. ಕೀಲು ಬದಲಾವಣೆಯಾದವರ ಜೊತೆ ಮೊದಲು ಕೆಲಸ ಮಾಡಿದ್ದೀರಾ? ಗಾಯದ ಸುತ್ತ ಏನು ಮಾಡುತ್ತೀರಿ? ಫಿಸಿಯೋಥೆರಪಿಸ್ಟ್ ಹೇಳಿದ ಭಂಗಿಯಲ್ಲಿಯೇ ಮಲಗಿಸಿ ಚಿಕಿತ್ಸೆ ನಡೆಸಲು ಒಪ್ಪುತ್ತೀರಾ? ಒಳ್ಳೆಯ ಚಿಕಿತ್ಸಕರು ಇವಕ್ಕೆ ನೇರವಾಗಿ ಉತ್ತರಿಸುತ್ತಾರೆ, ಶಸ್ತ್ರಚಿಕಿತ್ಸಕರಿಗೆ ತಿಳಿಸಿದ್ದೀರಾ ಎಂದು ತಾವೇ ಕೇಳುತ್ತಾರೆ. ಮಾತ್ರೆ ಕಡಿಮೆ ಮಾಡಿ, ರಕ್ತ ತೆಳುವಾಗಿಸುವ ಔಷಧಿ ದೇಹಕ್ಕೆ ವಿಷ, ವ್ಯಾಯಾಮ ಮಾಡಿದರೆ ಶಕ್ತಿ ಪೋಲಾಗುತ್ತದೆ, ಚಿಕಿತ್ಸೆಯ ದಿನ ಉಪವಾಸವಿರಿ ಎಂಬ ಯಾವ ಮಾತು ಕೇಳಿಬಂದರೂ ಸಂಭಾಷಣೆಯನ್ನು ಅಲ್ಲಿಗೇ ಮುಗಿಸಬೇಕು. ಸಕ್ಕರೆ ಕಾಯಿಲೆಯಿರುವವರಿಗೆ ಉಪವಾಸದ ಸಲಹೆ ನೇರ ಅಪಾಯ. ಇದಕ್ಕಿಂತ ಮೃದುವಾಗಿ ಕೇಳಿಸುವ, ಆದರೆ ನನಗೆ ಹೆಚ್ಚು ಭಯ ಹುಟ್ಟಿಸುವ ಇನ್ನೊಂದು ಮಾತಿದೆ: ‘ಚಿಕಿತ್ಸೆಯ ನಂತರ ಜ್ವರ ಬಂದರೆ, ನೋವು ಹೆಚ್ಚಾದರೆ ಹೆದರಬೇಡಿ, ಒಳಗಿನ ಕಲ್ಮಶ ಹೊರಗೆ ಹೋಗುತ್ತಿದೆ.’ ಕೀಲು ಬದಲಾವಣೆಯಾದವರಲ್ಲಿ ಜ್ವರ ಮತ್ತು ಏರುವ ನೋವು ಸೋಂಕಿನ ಲಕ್ಷಣವಾಗಿರಬಹುದು. ಅದನ್ನು ಶುದ್ಧಿಯೆಂದು ಕರೆಯುವವರ ಕೈಗೆ ನಮ್ಮವರನ್ನು ಒಪ್ಪಿಸಬಾರದು.

ಹಣವನ್ನು ಆಯಾ ದಿನಕ್ಕೆ ಮಾತ್ರ ಕೊಡುವುದು ಒಳ್ಳೆಯದು. ಇಪ್ಪತ್ತೊಂದು ದಿನಗಳ ಪ್ಯಾಕೇಜಿಗೆ ಮುಂಗಡ ಕೊಟ್ಟ ಮೇಲೆ, ಪ್ರಯೋಜನವಿಲ್ಲವೆಂದು ಕಂಡರೂ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಹರಳು, ಪಿರಮಿಡ್, ಅಯಸ್ಕಾಂತದ ಪಟ್ಟಿಗಳನ್ನು ಕೊಳ್ಳುವ ಅಗತ್ಯವಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರ ಬಳಿ ಅಯಸ್ಕಾಂತವನ್ನು ತರಲೇಬಾರದು. ಚಿಕಿತ್ಸಕರು ಅರಿಶಿನದ ಕ್ಯಾಪ್ಸೂಲ್, ಬೆಳ್ಳುಳ್ಳಿಯ ಗುಳಿಗೆ, ಗಿಂಕೊ ಎಂಬ ಮರದ ಎಲೆಯ ಸಾರ ಮುಂತಾದವನ್ನು ಕೊಟ್ಟರೆ ಅವನ್ನು ಪಕ್ಕಕ್ಕಿಡಬೇಕು, ಏಕೆಂದರೆ ರಕ್ತ ತೆಳುವಾಗಿಸುವ ಔಷಧಿಯ ಜೊತೆ ಸೇರಿ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಬಲ್ಲವು. ಅಡುಗೆಗೆ ಹಾಕುವ ಅರಿಶಿನ, ಬೆಳ್ಳುಳ್ಳಿಯ ಬಗ್ಗೆ ಈ ಮಾತಲ್ಲ.

ಚಿಕಿತ್ಸಕರೇ ಮನೆಗೆ ಬರುವಂತಿದ್ದರೆ ಮಾತ್ರ ಮೊದಲ ಆರು ವಾರಗಳಲ್ಲಿ ಇದನ್ನು ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಬನಶಂಕರಿಯಿಂದ ಇಂದಿರಾನಗರಕ್ಕೆ ಕಾರಿನಲ್ಲಿ ಹೋಗಿಬರುವಷ್ಟರಲ್ಲಿ ಸಿಲ್ಕ್ ಬೋರ್ಡ್ ಅಥವಾ ರಿಚ್‌ಮಂಡ್ ವೃತ್ತದ ದಟ್ಟಣೆಯಲ್ಲಿ ಒಂದೂವರೆ ಗಂಟೆ ಕಾಲು ಮಡಚಿ ಕೂರಬೇಕಾಗುತ್ತದೆ. ಹಾಗೆ ಕೂರುವುದರಿಂದ ಮಂಡಿ ಬಿಗಿಯುತ್ತದೆ, ಊತ ಏರುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯೂ ಹೆಚ್ಚುತ್ತದೆ. ಆಟೋದಲ್ಲಿ ಗುಂಡಿಗಳ ಮೇಲೆ ಹೋಗುವ ಮಾತನ್ನಂತೂ ಆಡುವಂತಿಲ್ಲ. ಅನೇಕ ಕೇಂದ್ರಗಳು ಲಿಫ್ಟ್ ಇಲ್ಲದ ಮಹಡಿಯ ಮೇಲಿರುತ್ತವೆ, ಕೆಲವೆಡೆ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಾರೆ. ಹೊಸ ಮಂಡಿಯವರು ನೆಲಕ್ಕೆ ಇಳಿಯುವುದೂ ಅಲ್ಲಿಂದ ಏಳುವುದೂ ಆ ಹಂತದಲ್ಲಿ ಸಾಧ್ಯವಿಲ್ಲ.

ಯಾವ ಹೊತ್ತಿನಲ್ಲಿ

ನಾವು ಎಡವಿದ್ದು ಇಲ್ಲಿಯೇ. ಚಿಕಿತ್ಸಕಿಗೆ ಅನುಕೂಲವೆಂದು ಬೆಳಿಗ್ಗೆ ಹನ್ನೊಂದು ಗಂಟೆಯನ್ನು ಗೊತ್ತುಮಾಡಿಕೊಂಡೆವು. ಅದಾದ ಮೇಲೆ ಅಮ್ಮನಿಗೆ ಸೊಗಸಾದ ನಿದ್ರೆ ಬರುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಬಿಡುತ್ತಿದ್ದೆ. ಎದ್ದಾಗ ಬೆಳಗಿನ ನೋವಿನ ಮಾತ್ರೆಯ ಪ್ರಭಾವ ಇಳಿದಿರುತ್ತಿತ್ತು, ಮಧ್ಯಾಹ್ನದ ವ್ಯಾಯಾಮ ನಾಳೆಗೆ ಹೋಗುತ್ತಿತ್ತು. ಹತ್ತು ದಿನಗಳಲ್ಲಿ ಹೀಗೆ ಆರೇಳು ಸರದಿಗಳು ತಪ್ಪಿದವು. ಮಂಡಿಯ ಒಳಗೆ ಗಾಯ ಮಾಯುವಾಗ ಹುಟ್ಟುವ ಅಂಗಾಂಶ ದಿನದಿನಕ್ಕೂ ಗಟ್ಟಿಯಾಗುತ್ತ ಹೋಗುವುದರಿಂದ, ಮೊದಲ ಆರು ವಾರಗಳಲ್ಲಿ ಕಳೆದುಕೊಂಡ ಬಾಗುವಿಕೆಯನ್ನು ಮತ್ತೆ ಪಡೆಯುವುದು ಕಷ್ಟ. ಕುರ್ಚಿಯಲ್ಲಿ ಸರಿಯಾಗಿ ಕೂರಲು ಸುಮಾರು 90 ಡಿಗ್ರಿ ಬಾಗಬೇಕು. ಎರಡು ವಾರಗಳ ಸುಮಾರಿಗೆ ಅಲ್ಲಿಗೆ ಮುಟ್ಟುವುದು ಸಾಮಾನ್ಯ ಗುರಿಯಾಗಿರುವಾಗ ನಾವು 70ರಲ್ಲಿ ನಿಂತಿದ್ದೆವು.

ಸರಿಯಾದ ಕ್ರಮವೆಂದರೆ ದಿನದ ಚೌಕಟ್ಟನ್ನು ಮೊದಲು ಮಾತ್ರೆ ಮತ್ತು ವ್ಯಾಯಾಮಗಳಿಂದ ಕಟ್ಟಿ, ಉಳಿದ ಜಾಗದಲ್ಲಿ ಮಾತ್ರ ಈ ಚಿಕಿತ್ಸೆಯನ್ನು ಕೂರಿಸುವುದು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮೊದಲು ಬರುವಂತೆ ಹೊಂದಿಸಿಕೊಳ್ಳಬೇಕು. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಂಡಿ ಬಾಗಿಸುವುದು, ನೇರ ಕಾಲನ್ನು ಎತ್ತುವುದು, ಮನೆಯೊಳಗೆ ವಾಕರ್ ಹಿಡಿದು ನಡೆಯುವುದು ಇವೆಲ್ಲ ಫಿಸಿಯೋಥೆರಪಿಸ್ಟ್ ಹೇಳಿದ ಎಣಿಕೆಯಂತೆ ಮುಗಿಯಬೇಕು. ಸಂಜೆಯ ಕೊನೆಯ ಸರದಿ ಮುಗಿದ ಬಳಿಕ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆದು, ಅನಂತರ ರೇಕಿಗೆ ಮಲಗಿಸಿದರೆ ದಣಿದ ಕಾಲಿಗೆ ಅದು ನಿಜವಾದ ವಿಶ್ರಾಂತಿಯಾಗುತ್ತದೆ. ಸಮಯ ಬದಲಿಸಿದ ಮೇಲೆ ಅಮ್ಮ ಸಂಜೆ ಏಳರ ಚಿಕಿತ್ಸೆಯನ್ನು ವ್ಯಾಯಾಮದ ನಂತರ ತಮಗೆ ದೊರೆಯುವ ಸಂಬಳವೆಂದು ಕರೆಯತೊಡಗಿದರು, ಅದರ ಆಸೆಗಾದರೂ ಹಿಮ್ಮಡಿ ಜಾರಿಸುವ ಎಣಿಕೆಯನ್ನು ಪೂರ್ತಿ ಮಾಡುತ್ತಿದ್ದರು.

ಆರಂಭಿಸುವುದು ಯಾವಾಗ ಎಂಬುದಕ್ಕೆ, ಮನೆಗೆ ಬಂದು ಎರಡು ಮೂರು ದಿನ ಕಳೆದು ದಿನಚರಿ ಒಂದು ಹದಕ್ಕೆ ಬಂದ ಮೇಲೆ ಎನ್ನಬಹುದು. ಆಸ್ಪತ್ರೆಯಲ್ಲಿಯೇ ಬೇಕೆಂದರೆ ವಾರ್ಡಿನವರ ಒಪ್ಪಿಗೆ ಪಡೆಯಬೇಕು. ವಾರಕ್ಕೆ ಎರಡು ಅಥವಾ ಮೂರು ಸಲ ಸಾಕು. ಉಳಿದ ದಿನಗಳಲ್ಲಿ ಮುಂದೆ ಹೇಳಿರುವಂತೆ ಮನೆಯವರೇ ಮಾಡಬಹುದು.

ಭಂಗಿ

ರೇಕಿ ಕೊಡುವವರು ಸಾಮಾನ್ಯವಾಗಿ ಮಲಗಿದವರ ಮಂಡಿಗಳ ಕೆಳಗೆ ಒಂದು ದಿಂಬನ್ನು ಇಡುತ್ತಾರೆ. ಬೆನ್ನಿಗೆ ಹಾಯೆನಿಸುವ ಈ ಅಭ್ಯಾಸ ಮಂಡಿ ಬದಲಾಯಿಸಿಕೊಂಡವರಿಗೆ ತಕ್ಕದ್ದಲ್ಲ. ಅರೆ ಮಡಚಿದ ಸ್ಥಿತಿಯಲ್ಲಿ ಮಂಡಿಗೆ ನೋವು ಕಡಿಮೆಯಾದ್ದರಿಂದ ರೋಗಿಯೂ ಅದನ್ನೇ ಬಯಸುತ್ತಾರೆ, ಆದರೆ ಹಾಗೆಯೇ ಮಲಗಿ ಮಲಗಿ ಕಾಲು ಪೂರ್ತಿ ನೇರವಾಗದಂತೆ ಬಿಗಿದುಕೊಳ್ಳುತ್ತದೆ, ಮುಂದೆ ಕುಂಟು ನಡಿಗೆ ಉಳಿಯುತ್ತದೆ. ದಿಂಬು ಅಥವಾ ಸುತ್ತಿದ ಟವೆಲ್ ಇರಬೇಕಾದದ್ದು ಹಿಮ್ಮಡಿಯ ಕೆಳಗೆ. ಹಾಗಿಟ್ಟಾಗ ಮಂಡಿ ತನ್ನ ಭಾರದಿಂದಲೇ ನೇರವಾಗುತ್ತದೆ, ಕಾಲು ತುಸು ಎತ್ತರದಲ್ಲಿದ್ದು ಊತವೂ ಇಳಿಯುತ್ತದೆ. ಹಾಗಿರುವುದು ಕಷ್ಟವೆನಿಸಿದರೆ ಹತ್ತು ನಿಮಿಷ ಹಾಗೆ, ಹತ್ತು ನಿಮಿಷ ಕಾಲನ್ನು ಹಾಸಿಗೆಯ ಮೇಲೆ ಸಮತಟ್ಟಾಗಿ ಚಾಚಿ ಮಾಡಬಹುದು. ನಮ್ಮ ಚಿಕಿತ್ಸಕಿ ಹತ್ತು ದಿನ ಅಕ್ಕರೆಯಿಂದಲೇ ಆ ದಿಂಬನ್ನು ಇಟ್ಟಿದ್ದರು. ನಾವು ಹೇಳಿರಲಿಲ್ಲ, ಅವರಿಗೆ ತಿಳಿದಿರಲಿಲ್ಲ. ಆ ಬಳಿಕ ದಿಂಬಿನ ಜಾಗವನ್ನು ಒಂದು ಕಾಗದದಲ್ಲಿ ಬರೆದು ಮಂಚದ ತಲೆಬದಿಗೆ ಅಂಟಿಸಿದೆ.

ಸೊಂಟದ ಕೀಲು ಬದಲಾಯಿಸಿಕೊಂಡವರ ನಿಯಮಗಳು ಬೇರೆ. ಹಿಂಬದಿಯಿಂದ ಶಸ್ತ್ರಚಿಕಿತ್ಸೆಯಾಗಿದ್ದರೆ ಕೀಲು ಜಾರದಂತೆ ಕೆಲವು ವಾರಗಳವರೆಗೆ ಕಾಲಿನ ಮೇಲೆ ಕಾಲು ಹಾಕಬಾರದು, ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ಅವರನ್ನು ಅಂಗಾತ ಮಲಗಿಸಿ, ಎರಡು ಕಾಲುಗಳ ನಡುವೆ ದಿಂಬಿಟ್ಟೇ ಚಿಕಿತ್ಸೆ ನಡೆಸಬೇಕು. ಬೆನ್ನಿನ ಮೇಲೆ ಕೈಯಿಡಲೆಂದು ಬೋರಲು ಮಲಗಿಸುವುದನ್ನಾಗಲಿ ಪಕ್ಕಕ್ಕೆ ಹೊರಳಿಸುವುದನ್ನಾಗಲಿ ಇಬ್ಬರಿಗೂ ಮಾಡುವುದು ಬೇಡ.

ಒಂದು ದಿನದ ಚಿಕಿತ್ಸೆಯನ್ನು ನಡೆಸುವ ಬಗೆ

ರೇಕಿಯ ಪೂರ್ಣ ಅವಧಿ ಸಾಮಾನ್ಯವಾಗಿ ಒಂದು ಗಂಟೆಯಷ್ಟಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಅಷ್ಟು ಹೊತ್ತು ಕಾಲನ್ನು ಅಲುಗಿಸದೆ ಇಡುವುದು ಒಳ್ಳೆಯದಲ್ಲವಾದ್ದರಿಂದ ಇಪ್ಪತ್ತೈದರಿಂದ ಮೂವತ್ತು ನಿಮಿಷಕ್ಕೆ ಮಿತಿಗೊಳಿಸಬೇಕು. ಮೊದಲೇ ಶೌಚಾಲಯಕ್ಕೆ ಹೋಗಿಬರಲಿ, ಸ್ವಲ್ಪ ನೀರು ಕುಡಿಯಲಿ. ಮಂಚದ ಸುತ್ತ ಜಾರುವ ಚಾಪೆ, ಉರಿಯುವ ಮೇಣದ ಬತ್ತಿ, ಸಾಂಬ್ರಾಣಿಯ ಹೊಗೆ ಇರಬಾರದು. ಉಬ್ಬಸವಿರುವವರಿಗೆ ಊದಿನಕಡ್ಡಿಯೂ ಕೆಮ್ಮು ತರಿಸುತ್ತದೆ. ಚಿಕಿತ್ಸಕರು ಸೋಪಿನಿಂದ ಕೈ ತೊಳೆದುಕೊಂಡು, ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಫೋನು ಕೋಣೆಯ ಹೊರಗಿರಲಿ, ಮನೆಯವರೊಬ್ಬರು ಒಳಗಿರಲಿ.

ಕೈಯಿಡುವುದನ್ನು ತಲೆಯಿಂದ ಆರಂಭಿಸಿ ಹಣೆ, ಭುಜ, ಹೊಟ್ಟೆಯ ಮೇಲ್ಭಾಗ ಎಂದು ಇಳಿಯುತ್ತ ಬರಬಹುದು, ಒಂದೊಂದು ಕಡೆ ಮೂರು ನಾಲ್ಕು ನಿಮಿಷ. ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂಬುದನ್ನು ಮಲಗಿದವರೇ ಹೇಳಬೇಕು. ಹಿರಿಯ ಹೆಣ್ಣುಮಕ್ಕಳು ಸಂಕೋಚದಿಂದ ಸುಮ್ಮನಿರುತ್ತಾರಾದ್ದರಿಂದ ಈ ಪ್ರಶ್ನೆಯನ್ನು ಮನೆಯವರು ಮೊದಲೇ ಕೇಳಿಡುವುದು ಸರಿ. ಹೊಟ್ಟೆಗೆ ಚುಚ್ಚುವ ರಕ್ತ ತೆಳುವಾಗಿಸುವ ಇಂಜೆಕ್ಷನ್ ನಡೆಯುತ್ತಿದ್ದರೆ ಅಲ್ಲಿ ನೀಲಿಗಟ್ಟಿದ ಜಾಗಗಳಿರುತ್ತವೆ, ಅವನ್ನು ಒತ್ತಬಾರದು. ಶಸ್ತ್ರಚಿಕಿತ್ಸೆಯಾದ ಮಂಡಿಯ ಮೇಲೆ ಕೈ ತಾಗಲೇಬಾರದು: ಡ್ರೆಸಿಂಗಿನಿಂದ ನಾಲ್ಕು ಅಂಗುಲ ಮೇಲೆ ಕೈ ಹಿಡಿದರೆ ಸಾಕು. ಹೊಲಿಗೆಗಳನ್ನೋ ಸ್ಟೇಪಲ್‌ಗಳನ್ನೋ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ತೆಗೆದ ಮೇಲೂ ಗಾಯ ಪೂರ್ತಿ ಒಣಗಿ ಹಕ್ಕಳೆ ಉದುರುವ ತನಕ ಇದೇ ನಿಯಮ. ವಿಭೂತಿ, ಅರಿಶಿನ, ಮಂತ್ರಿಸಿದ ಎಣ್ಣೆ, ತೀರ್ಥ ಯಾವುದನ್ನೂ ಗಾಯದ ಹತ್ತಿರ ತರಬಾರದು. ಭಕ್ತಿಯಿಂದ ತಂದವರಿಗೆ ನೋವಾಗದಂತೆ ಅದನ್ನು ದೇವರ ಮುಂದೆ ಇಡಿಸಬಹುದು.

ಮೀನಖಂಡವನ್ನು ಉಜ್ಜುವುದಾಗಲಿ ನೀವುವುದಾಗಲಿ ಕೂಡದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಉಜ್ಜಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ‘ಕಾಲು ಸ್ವಲ್ಪ ಒತ್ತಿಬಿಡು’ ಎಂದು ಹಿರಿಯರು ಕೇಳುವುದು, ಮಕ್ಕಳು ಒತ್ತುವುದು ನಮ್ಮ ಮನೆಗಳಲ್ಲಿ ಪ್ರೀತಿಯ ರೂಢಿಯೇ ಆಗಿರುವುದರಿಂದ ಈ ಮಾತನ್ನು ಮನೆಯ ಎಲ್ಲರಿಗೂ ಹೇಳಿಡಬೇಕು. ಅದರ ಬದಲು ಪಾದಗಳನ್ನು ಎರಡೂ ಅಂಗೈಗಳಲ್ಲಿ ಸುಮ್ಮನೆ ಹಿಡಿದುಕೊಂಡು ಕೂರಬಹುದು. ಅಮ್ಮನಿಗೆ ಎಲ್ಲಕ್ಕಿಂತ ಹಿತವೆನಿಸಿದ್ದು ಅದೇ. ಪಾದ ಬೆಚ್ಚಗಿದೆಯೇ, ಬಣ್ಣ ಸಹಜವಾಗಿದೆಯೇ, ಬೆರಳುಗಳು ಅಲುಗುತ್ತವೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಮುಗಿದ ಕೂಡಲೇ ಎಬ್ಬಿಸಬಾರದು. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಮತ್ತು ಗಾಢ ವಿಶ್ರಾಂತಿ ಸೇರಿದಾಗ ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದುಂಟು, ಬಿದ್ದರೆ ಹೊಸ ಕೀಲಿನ ಸುತ್ತಲ ಮೂಳೆಯೇ ಮುರಿಯಬಹುದು. ಮಲಗಿದಲ್ಲೇ ಪಾದಗಳನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಲಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಲಿ, ವಾಕರ್ ಕೈಗೆ ಎಟುಕುವಲ್ಲಿರಲಿ, ಮೊದಲ ಹೆಜ್ಜೆಗಳಿಗೆ ಪಕ್ಕದಲ್ಲೊಬ್ಬರು ಇರಲಿ.

ಮನೆಯವರೇ ಮಾಡುವುದಾದರೆ

ಇದಕ್ಕೆ ದೀಕ್ಷೆ, ಹಂತ, ಶುಲ್ಕ ಯಾವುದೂ ಬೇಡವೆಂದು ನಾನು ನಂಬುತ್ತೇನೆ. ಕೋಣೆಯ ದೀಪ ಸಣ್ಣದು ಮಾಡಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತು, ಒಂದು ಕೈಯನ್ನು ಅವರ ಹಣೆಯ ಮೇಲೂ ಇನ್ನೊಂದನ್ನು ಹೊಟ್ಟೆಯ ಮೇಲೂ ಇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ ಎಂದು ಮೆಲುದನಿಯಲ್ಲಿ ಹೇಳುತ್ತ ಹತ್ತು ಸುತ್ತು ಮಾಡಿಸಿ. ಅನಂತರ ಅವರ ಗಮನವನ್ನು ಪಾದದ ಬೆರಳಿನಿಂದ ಹಿಮ್ಮಡಿಗೆ, ಮೀನಖಂಡಕ್ಕೆ, ಮಂಡಿಗೆ, ತೊಡೆಗೆ, ಹೀಗೆ ತಲೆಯ ತನಕ ಒಂದೊಂದಾಗಿ ಕರೆದೊಯ್ದು ಆಯಾ ಭಾಗವನ್ನು ಸಡಿಲಬಿಡಲು ಹೇಳಿ. ಮಂಡಿಗೆ ಬಂದಾಗ ಅವಸರ ಮಾಡಬೇಡಿ. ಆ ಭಾಗವನ್ನು ಕಂಡರೆ ಅವರಿಗೆ ಭಯವಿರುತ್ತದೆ, ನೋಡಲೂ ಹಿಂಜರಿಯುತ್ತಾರೆ. ಉಸಿರು ಅಲ್ಲಿಗೆ ಹೋಗಿ ಬರುತ್ತಿದೆಯೆಂದು ಕಲ್ಪಿಸಿಕೊಳ್ಳುವುದರಿಂದ ಆ ಕಾಲು ತಮ್ಮದೇ ಎಂಬ ಭಾವ ಮೆಲ್ಲಗೆ ಮರಳುತ್ತದೆ. ರಾತ್ರಿಯ ಮಾತ್ರೆ ನುಂಗಿದ ಮೇಲೆ ಇದನ್ನು ಮಾಡಿದರೆ ಎಷ್ಟೋ ದಿನ ತಲೆಯ ತನಕ ಹೋಗುವ ಮೊದಲೇ ಅಮ್ಮನಿಗೆ ನಿದ್ರೆ ಹತ್ತಿರುತ್ತಿತ್ತು. ರೇಕಿಯ ದಿನಗಳಿಗೂ ಈ ದಿನಗಳಿಗೂ ಅವರ ನಿದ್ರೆಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಇದರಲ್ಲಿ ನಂಬಿಕೆಯಿಲ್ಲದವರನ್ನು, ಇದು ತಮ್ಮ ಧರ್ಮಕ್ಕೆ ಸಲ್ಲದೆನ್ನುವವರನ್ನು ಒತ್ತಾಯಿಸಬಾರದು. ಅವರಿಗೆ ಇಷ್ಟವಾದ ವಚನವನ್ನೋ ದೇವರನಾಮವನ್ನೋ ಪ್ರಾರ್ಥನೆಯನ್ನೋ ಕೇಳಿಸುತ್ತ ಕೈ ಹಿಡಿದು ಕುಳಿತರೂ ಆಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮೀನಖಂಡದಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡರೆ, ಕಾಲು ಇದ್ದಕ್ಕಿದ್ದಂತೆ ಮೊದಲಿಗಿಂತ ಹೆಚ್ಚು ಊದಿಕೊಂಡರೆ, ಅಥವಾ ರಾತ್ರಿ ಕಾಲೆತ್ತಿ ಮಲಗಿದರೂ ಊತ ಇಳಿಯದಿದ್ದರೆ ಅದು ಹೆಪ್ಪುಗಟ್ಟಿದ ರಕ್ತದ ಸೂಚನೆಯಾಗಿರಬಹುದು. ದಿಢೀರನೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಜ್ವರ, ನಡುಕ, ಗಾಯದಿಂದ ಕೀವು ಅಥವಾ ನಿಲ್ಲದ ಒಸರುವಿಕೆ, ಹರಡುತ್ತ ಹೋಗುವ ಕೆಂಪು ಇವು ಸೋಂಕಿನ ಗುರುತುಗಳು. ಸೊಂಟದ ಕೀಲಿನವರಲ್ಲಿ ತೀವ್ರ ನೋವಿನೊಡನೆ ಕಾಲು ಗಿಡ್ಡವಾದಂತೆ ಅಥವಾ ತಿರುಚಿಕೊಂಡಂತೆ ಕಂಡರೆ ಕೀಲು ಜಾರಿರಬಹುದು. 108ಕ್ಕೆ ಕರೆ ಮಾಡಬೇಕಾದವನ್ನು ಬಿಟ್ಟು ಇಂಥ ಯಾವ ಲಕ್ಷಣ ಕಂಡರೂ ಮೊದಲ ಕರೆ ಶಸ್ತ್ರಚಿಕಿತ್ಸಕರಿಗೆ ಹೋಗಬೇಕು, ರೇಕಿಯವರಿಗಲ್ಲ. ‘ದೂರದಿಂದಲೇ ಶಕ್ತಿ ಕಳಿಸುತ್ತೇನೆ, ಬೆಳಗಿನವರೆಗೆ ನೋಡೋಣ’ ಎಂಬ ಮಾತಿಗೆ ಒಂದು ರಾತ್ರಿಯನ್ನೂ ಕೊಡಬಾರದು. ಮಂಡಿ ಕೆಲವು ತಿಂಗಳು ತುಸು ಬೆಚ್ಚಗಿರುವುದೂ, ಗಾಯದ ಹೊರಬದಿಯ ಚರ್ಮ ಜೋಮು ಹಿಡಿದಂತಿರುವುದೂ ಸಹಜ.

ಲೆಕ್ಕ ಬರೆದಿಡುವುದು

ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿದಿನ ನಾಲ್ಕು ವಿಷಯ ಬರೆಯಿರಿ. ಚಿಕಿತ್ಸೆಗೆ ಮೊದಲು ಮತ್ತು ಅನಂತರ ಸೊನ್ನೆಯಿಂದ ಹತ್ತರೊಳಗೆ ನೋವೆಷ್ಟು, ರಾತ್ರಿ ಎಷ್ಟು ಗಂಟೆ ನಿದ್ರೆ, ವ್ಯಾಯಾಮದ ಎಷ್ಟು ಸರದಿಗಳು ಮುಗಿದವು, ಫಿಸಿಯೋಥೆರಪಿಸ್ಟ್ ಅಳೆದ ಬಾಗುವಿಕೆ ಎಷ್ಟು ಡಿಗ್ರಿ. ಚಿಕಿತ್ಸೆಯಿಲ್ಲದ ದಿನಗಳಲ್ಲೂ ಇದನ್ನು ಬರೆಯಬೇಕು, ಇಲ್ಲವಾದರೆ ಹೋಲಿಸಲು ಏನೂ ಇರುವುದಿಲ್ಲ. ಎರಡು ವಾರಗಳ ನಂತರ ಪುಟ ತಿರುವಿ ನೋಡಿದಾಗ ನಿದ್ರೆಯಲ್ಲಾಗಲಿ ನೋವಿನಲ್ಲಾಗಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ಹಣ ಉಳಿಯುತ್ತದೆ. ವ್ಯತ್ಯಾಸವಿದ್ದು, ವ್ಯಾಯಾಮದ ಸರದಿಗಳು ತಪ್ಪದಿದ್ದರೆ ಮುಂದುವರಿಸಬಹುದು. ನೋವು ಇಳಿದಿದೆಯೆಂದು ಮಾತ್ರೆಗಳನ್ನು ನಾವೇ ಬಿಡಬಾರದು. ನೋವಿನ ಮಾತ್ರೆಯನ್ನು ಹೇಗೆ ಇಳಿಸಬೇಕೆಂಬುದನ್ನೂ, ರಕ್ತ ತೆಳುವಾಗಿಸುವ ಔಷಧಿ ಎಷ್ಟು ದಿನವೆಂಬುದನ್ನೂ ಹೇಳಬೇಕಾದವರು ವೈದ್ಯರು.

ನಮ್ಮ ನೋಟ್‌ಬುಕ್ಕಿನ ಪ್ರಕಾರ ರೇಕಿಯ ಸಂಜೆಗಳಲ್ಲಿ ಅಮ್ಮನ ನೋವು ಆರರಿಂದ ನಾಲ್ಕಕ್ಕೆ ಇಳಿಯುತ್ತಿತ್ತು, ಬೆಳಿಗ್ಗೆಯ ಹೊತ್ತಿಗೆ ಮತ್ತೆ ಆರಕ್ಕೆ ಬರುತ್ತಿತ್ತು. ಬಾಗುವಿಕೆ 70ರಿಂದ ಮೇಲೇರತೊಡಗಿದ್ದು ವ್ಯಾಯಾಮದ ಸರದಿಗಳು ಸರಿಯಾದ ದಿನದಿಂದ. ಆರನೆಯ ವಾರದ ಭೇಟಿಗೆ ಆ ಪುಸ್ತಕವನ್ನು ಒಯ್ದಿದ್ದೆವು. ಶಸ್ತ್ರಚಿಕಿತ್ಸಕರು ಪುಟ ತಿರುವಿ, ಬಾಗುವಿಕೆ 105 ಡಿಗ್ರಿಗೆ ಬಂದದ್ದನ್ನು ತಾವೇ ಅಳೆದು ಬರೆದರು, ಸಂಜೆಯ ಚಿಕಿತ್ಸೆ ಮುಂದುವರಿಸಲು ಅಡ್ಡಿಯಿಲ್ಲವೆಂದರು. ಅಮ್ಮನ ಎಡ ಮಂಡಿಗೂ ಮುಂದೊಂದು ದಿನ ಇದೇ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ಹೇಳಿದ್ದಾರಾದ್ದರಿಂದ ಆ ನೋಟ್‌ಬುಕ್ಕನ್ನು ಅವರ ಎಕ್ಸ್‌ರೇಗಳ ಜೊತೆಯಲ್ಲಿಯೇ ಇಟ್ಟಿದ್ದೇನೆ.